ವರ್ಸೇಲ್ಸ್‌ಗೆ ಹೋಗುವವರಿಗೆ: ಅರಮನೆಗೆ ಎರಡು ಗಂಟೆ ಸಾಕು, ಉಳಿದ ದಿನ ತೋಟಕ್ಕೆ ಇಟ್ಟುಕೊಳ್ಳಿ

ಶಾಲೆಯಲ್ಲಿ ಓದುವಾಗ ವರ್ಸೇಲ್ಸ್ ಅಂದರೆ ನನ್ನ ಪಾಲಿಗೆ ಒಂದು ಮಾರ್ಕಿನ ಪ್ರಶ್ನೆ. ವರ್ಸೇಲ್ಸ್ ಒಪ್ಪಂದ ಆದದ್ದು ಯಾವಾಗ? 1919. ಅಷ್ಟೇ. ಅದು ಪ್ಯಾರಿಸ್ ಪಕ್ಕದ ಒಂದು ಊರು, ಅಲ್ಲಿ ಒಂದು ಅರಮನೆ ಇದೆ, ಅರಮನೆ ಹಿಂದೆ 800 ಹೆಕ್ಟೇರ್ ಜಾಗ ಇದೆ ಅನ್ನೋದೆಲ್ಲ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. 800 ಹೆಕ್ಟೇರ್ ಅಂದರೆ ಸುಮಾರು ಎರಡು ಸಾವಿರ ಎಕರೆ. ನಮ್ಮ ಲಾಲ್‌ಬಾಗ್ ಥರದ್ದು ಎಂಟು ಹಿಡಿಸುತ್ತವೆ. ಈ ಲೆಕ್ಕವನ್ನು ಹೋಗುವ ಮೊದಲೇ ಹಾಕಿದ್ದರೆ ನಮ್ಮ ದಿನ ಇನ್ನೂ ಚೆನ್ನಾಗಿರುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2025ರ ಮೇ ತಿಂಗಳು. ನೆದರ್‌ಲೆಂಡ್ಸ್‌ನಲ್ಲಿರುವ ನನ್ನ ತಮ್ಮ ವರ್ಷಗಳಿಂದ ಕರೆಯುತ್ತಲೇ ಇದ್ದ. ಕೊನೆಗೂ ಮೈಸೂರಿನಿಂದ ಹೊರಟೆವು: ನಾನು, ನಮ್ಮ ಮನೆಯವರು, ಹನ್ನೊಂದು ವರ್ಷದ ಮಗ, ಜೊತೆಗೆ ಅಮ್ಮ. ಅಮ್ಮನಿಗೆ 68, ಮಂಡಿ ನೋವು. ಪ್ಯಾರಿಸ್‌ನಲ್ಲಿ ಮೂರು ದಿನ, ಅದರಲ್ಲಿ ಒಂದು ಪೂರ್ತಿ ದಿನ ವರ್ಸೇಲ್ಸ್‌ಗೆ ಅಂತ ತಮ್ಮ ಮೊದಲೇ ಇಟ್ಟಿದ್ದ.

ಮೊದಲು ದಿನದ ಆಯ್ಕೆ. ಸೋಮವಾರ ಅರಮನೆಗೆ ರಜೆ. ತೋಟ ಮಾತ್ರ ತೆರೆದಿರುತ್ತದೆ. ಸೋಮವಾರ ತಪ್ಪಿಸಿಕೊಂಡವರೆಲ್ಲ ಮಂಗಳವಾರ ಬರುತ್ತಾರೆ, ಹಾಗಾಗಿ ಮಂಗಳವಾರ ಬೇಡ. ಬರೀ ಅರಮನೆ ನೋಡಬೇಕು, ಜನ ಕಡಿಮೆ ಇರಬೇಕು ಅನ್ನುವವರಿಗೆ ಬುಧವಾರ, ಗುರುವಾರ ಸರಿ. ಆದರೆ ಕಾರಂಜಿಗಳು ಬೇಕು ಅಂದರೆ ಲೆಕ್ಕ ಬೇರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಶನಿವಾರ, ಭಾನುವಾರ ಕಾರಂಜಿ ಬಿಡುತ್ತಾರೆ. ಕೆಲವು ವಾರಗಳಲ್ಲಿ ಬೇರೆ ದಿನವೂ ಇರುತ್ತದೆ. ಉಳಿದ ದಿನ ತೋಟ ಇರುತ್ತದೆ, ಕೊಳಗಳಲ್ಲಿ ನೀರೂ ನಿಂತಿರುತ್ತದೆ, ಚಿಮ್ಮುವುದಿಲ್ಲ ಅಷ್ಟೇ. ಚಳಿಗಾಲದಲ್ಲಂತೂ ಅಮೃತಶಿಲೆಯ ಪ್ರತಿಮೆಗಳಿಗೆಲ್ಲ ಹೊದಿಕೆ ಹಾಕಿಬಿಡುತ್ತಾರೆ. ಆಗ ತೋಟಕ್ಕೆ ಟಿಕೆಟ್ ಇಲ್ಲ ನಿಜ, ಆದರೆ ನೋಡೋದೇನು? ನನ್ನ ಮಟ್ಟಿಗೆ ಜನಜಂಗುಳಿ ಇದ್ದರೂ ಸರಿ, ಕಾರಂಜಿ ಇರುವ ದಿನವೇ ಹೋಗಬೇಕು. ನಾವು ಹೋದದ್ದು ಶನಿವಾರ.

ಟಿಕೆಟ್ ವಿಷಯದಲ್ಲಿ ನಾವು ಒಂದು ಪೆಟ್ಟು ತಿಂದೆವು. ನಮ್ಮ ಮನೆಯವರು ಊರಿನಲ್ಲೇ ಕೂತು, ಹುಡುಕಿದಾಗ ಮೊದಲು ಸಿಕ್ಕ ಯಾವುದೋ ಸೈಟಿನಲ್ಲಿ ಟಿಕೆಟ್ ತೆಗೆದಿದ್ದರು. ದುಡ್ಡು ಕೊಟ್ಟದ್ದು ಹೆಚ್ಚು, ಬಂದದ್ದು ಬರೀ ಅರಮನೆಯ ಟಿಕೆಟ್. ಕಾರಂಜಿ ದಿನ ತೋಟಕ್ಕೆ ಬೇರೆ ಟಿಕೆಟ್ ಬೇಕು ಅಂತ ತಮ್ಮ ಹಿಂದಿನ ರಾತ್ರಿ ಹೇಳಿದಾಗ ಇವರ ಮುಖ ನೋಡಬೇಕಿತ್ತು. 'ಪಾಸ್‌ಪೋರ್ಟ್' ಅಂತ ಒಂದು ಟಿಕೆಟ್ ಇದೆ. ಅರಮನೆ, ತೋಟ, ಕಾರಂಜಿ, ತೋಟದಾಚೆ ಇರುವ ಟ್ರಿಯನಾನ್ ಅನ್ನುವ ಚಿಕ್ಕ ಅರಮನೆಗಳು, ಎಲ್ಲ ಅದರಲ್ಲೇ ಬರುತ್ತದೆ. ನಾವು ಹೋದಾಗ 32 ಯೂರೊ ಇತ್ತು. 2026ರಿಂದ ಯುರೋಪಿನ ಹೊರಗಿಂದ ಬರುವವರಿಗೆ ದರ ಇನ್ನೂ ಏರಿಸಿದ್ದಾರೆ. ಆದ್ದರಿಂದ ಅರಮನೆಯ ಸ್ವಂತ ಸೈಟಿನಲ್ಲೇ ನೋಡಿ, ಅಲ್ಲೇ ತೆಗೆಯಿರಿ. 18 ವರ್ಷದ ಒಳಗಿನ ಮಕ್ಕಳಿಗೆ ಅರಮನೆ ಉಚಿತ. ಮಗುವಿನ ನಿಜವಾದ ಪಾಸ್‌ಪೋರ್ಟ್ ಜೊತೆಗಿರಲಿ.

ಟಿಕೆಟ್ ತೆಗೆಯುವಾಗ ಒಳಗೆ ಹೋಗುವ ಸಮಯ ಆರಿಸಬೇಕು. ಈ ಸಮಯ ಅರಮನೆಗೆ ಮಾತ್ರ, ತೋಟಕ್ಕಲ್ಲ. ಇದು ನೆನಪಿರಲಿ, ಇದರ ಬಗ್ಗೆ ಕೊನೆಗೆ ಮತ್ತೆ ಹೇಳುತ್ತೇನೆ.

ಇನ್ನು ರೈಲು. ಪ್ಯಾರಿಸ್‌ನಿಂದ ಆರ್‌ಇಆರ್ ಸಿ ಅನ್ನುವ ಹಳದಿ ಬಣ್ಣದ ಮಾರ್ಗ. ಮುಕ್ಕಾಲು ಗಂಟೆ ದಾರಿ. 2025ರಿಂದ ಟಿಕೆಟ್ ಸರಳವಾಗಿದೆ, ಊರ ಹೊರಗೆ ಹೋದರೂ ಮೆಟ್ರೊಗೂ ರೈಲಿಗೂ ಒಂದೇ ದರ. ನಾವು ಕೊಟ್ಟದ್ದು ಒಬ್ಬರಿಗೆ 2.50 ಯೂರೊ. ಮಾರ್ಗ ಒಂದೇ ಆದರೂ ಮುಂದೆ ಹೋಗಿ ಕವಲೊಡೆಯುತ್ತದೆ. ಬೋರ್ಡಿನಲ್ಲಿ ಕೊನೆಯ ನಿಲ್ದಾಣ 'ವೆರ್ಸಾಯ್ ಶಾತೋ ರಿವ್ ಗೋಶ್' ಅಂತ ಇರಬೇಕು. ಅಲ್ಲಿ ಇಳಿದರೆ ಅರಮನೆಗೆ ಹತ್ತು ನಿಮಿಷದ ನಡಿಗೆ. ನಾವೇನು ಮಾಡಿದೆವು? ಅವಸರದಲ್ಲಿ ಸೇಂಟ್ ಕ್ವೆಂಟಿನ್ ಕಡೆ ಹೋಗುವ ರೈಲು ಹತ್ತಿದೆವು. ಅದೂ ವರ್ಸೇಲ್ಸ್‌ಗೆ ಹೋಗುತ್ತದೆ, ಆದರೆ ನಿಲ್ಲುವುದು ಶಾಂಟಿಯೆ ಅನ್ನುವ ಬೇರೆ ನಿಲ್ದಾಣದಲ್ಲಿ. ಅಲ್ಲಿಂದ ಇಪ್ಪತ್ತು ನಿಮಿಷ ನಡಿಗೆ. ನನಗೆ, ನಿಮಗೆ ಅದೇನೂ ದೊಡ್ಡದಲ್ಲ. ಆದರೆ ಅಮ್ಮನ ಮಂಡಿಯಲ್ಲಿದ್ದ ಆ ದಿನದ ಶಕ್ತಿಯಲ್ಲಿ ಕಾಲು ಭಾಗ ಅಲ್ಲೇ ಖರ್ಚಾಯಿತು. "ಅರಮನೆ ಎಲ್ಲಿ?" ಅಂತ ಕೇಳುವುದನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿದರು. ಅದು ಒಳ್ಳೆಯ ಲಕ್ಷಣ ಅಲ್ಲ ಅಂತ ನನಗೆ ಗೊತ್ತು.

ಇನ್ನೊಂದು ವಿಷಯ. ಜುಲೈ ಮಧ್ಯದಿಂದ ಆಗಸ್ಟ್‌ವರೆಗೆ ಪ್ಯಾರಿಸ್ ನಡುಭಾಗದಲ್ಲಿ ಈ ಮಾರ್ಗವನ್ನು ದುರಸ್ತಿಗೆ ಅಂತ ಮುಚ್ಚುವುದುಂಟು. ಆಗ ಮೊಂಪಾರ್ನಾಸ್ ನಿಲ್ದಾಣದಿಂದ ಶಾಂಟಿಯೆಗೆ ಅಥವಾ ಸೇಂಟ್ ಲಜಾರ್‌ನಿಂದ ರಿವ್ ದ್ರುವಾತ್‌ಗೆ ರೈಲಿದೆ. ಯಾರನ್ನಾದರೂ ದಾರಿ ಕೇಳುವಾಗ 'ವರ್ಸೇಲ್ಸ್' ಅನ್ನಬೇಡಿ, 'ವೆರ್ಸಾಯ್' ಅನ್ನಿ. ಪಠ್ಯಪುಸ್ತಕದ ಉಚ್ಚಾರಣೆ ಅಲ್ಲಿ ನಡೆಯಲ್ಲ.

ಅರಮನೆ ಮುಂದೆ ದೊಡ್ಡ ಬಯಲು, ನಡುವೆ ಕುದುರೆ ಮೇಲೆ ಫ್ರಾನ್ಸಿನ ರಾಜ 14ನೇ ಲೂಯಿಯ ಪ್ರತಿಮೆ. ಆಮೇಲೆ ಚಿನ್ನದ ಗೇಟು. ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಅಂಗಳಕ್ಕೆ ಹಾಸಿರುವುದು ಉಬ್ಬುತಗ್ಗಿನ ಕಲ್ಲು. ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಒಳ್ಳೆಯ ಶೂ ಬೇಕು. ಮೈಸೂರು ಅರಮನೆಯಲ್ಲಿ ಹೊರಗೇ ಪಾದರಕ್ಷೆ ಬಿಡಬೇಕಲ್ಲ, ಇಲ್ಲಿ ಹಾಗಿಲ್ಲ. ಆದರೂ ಅಮ್ಮ ಬಾಗಿಲ ಬಳಿ ಒಂದು ಕ್ಷಣ ನಿಂತು ಸುತ್ತ ನೋಡಿದರು, ಎಲ್ಲಿ ಬಿಡೋದು ಅಂತ.

ಟಿಕೆಟ್ ಇದ್ದರೂ ತಪಾಸಣೆಯ ಸಾಲು ತಪ್ಪದು. ನಮ್ಮ ಸಮಯ ಒಂಬತ್ತೂವರೆ, ತಲುಪಿದ್ದು ಒಂಬತ್ತೂ ಮುಕ್ಕಾಲು. ಅರ್ಧ ಗಂಟೆಯ ಒಳಗೆ ಬಂದರೆ ಬಿಡುತ್ತಾರೆ, ಬಚಾವಾದೆವು. ದೊಡ್ಡ ಚೀಲ, ಸೂಟ್‌ಕೇಸ್ ತರಲೇಬೇಡಿ. ಸೆಲ್ಫಿ ಕೋಲು ಒಳಗೆ ಬಿಡಲ್ಲ. ಆಡಿಯೊ ಗೈಡ್ ಸಿಗುತ್ತದೆ, ಫೋನಿಗೆ ಆ್ಯಪ್ ಕೂಡ ಇದೆ. ಕನ್ನಡ ಇಲ್ಲ ಬಿಡಿ, ಇಂಗ್ಲಿಷ್‌ನಲ್ಲಿ ಕೇಳಬೇಕು. ಮಂಡಿ ನೋವಿನವರು ಜೊತೆಗಿದ್ದರೆ ಅಲ್ಲಿ ಗಾಲಿಕುರ್ಚಿ ಕೊಡುತ್ತಾರೆ. ಅಮ್ಮನಿಗೆ ಕೇಳಿದೆ. "ನನ್ನನ್ನ ಏನಂದ್ಕೊಂಡೆ" ಅಂದರು. ಮುಕ್ಕಾಲು ಗಂಟೆ ಕಳೆದ ಮೇಲೆ "ಆ ಕುರ್ಚಿ ಈಗ ಸಿಗುತ್ತಾ" ಅಂತ ಕೇಳಿದರು. ಮೊದಲೇ ತೆಗೆದುಕೊಳ್ಳಿ, ಅಭಿಮಾನ ಪಕ್ಕಕ್ಕಿಡಲು ಹೇಳಿ.

ಒಳಗಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. 13ನೇ ಲೂಯಿ 1623ರಲ್ಲಿ ಬೇಟೆಗೆ ಬಂದಾಗ ತಂಗಲು ಇಲ್ಲೊಂದು ಸಣ್ಣ ಮನೆ ಕಟ್ಟಿಸಿದ. ಅವನ ಮಗ 14ನೇ ಲೂಯಿ ಅದನ್ನೇ ಬೆಳೆಸಿ ಬೆಳೆಸಿ, 1682ರಲ್ಲಿ ಇಡೀ ಆಸ್ಥಾನವನ್ನೇ ಇಲ್ಲಿಗೆ ತಂದ. ಈಗ 2,300 ಕೋಣೆ ಇವೆ. ಹೆದರಬೇಡಿ, ಜನ ಓಡಾಡುವ ದಾರಿಯಲ್ಲಿ ಸಿಗುವುದು ಅದರಲ್ಲಿ ಕೆಲವೇ ಕೆಲವು. ದಾರಿ ಒಂದೇ ದಿಕ್ಕಿಗೆ. ಹಿಂದಿನವರು ತಳ್ಳುತ್ತಾರೆ, ನೀವು ಮುಂದೆ ಹೋಗುತ್ತೀರಿ. ದಸರಾ ದಿನಗಳಲ್ಲಿ ಮೈಸೂರು ಅರಮನೆಯ ಒಳಗೆ ಹೋದವರಿಗೆ ಇದು ಹೊಸದೇನಲ್ಲ.

ಕನ್ನಡದವರು ಮಾತ್ರ ಒಂದು ಕೋಣೆಯಲ್ಲಿ ಆ ನೂಕುನುಗ್ಗಲನ್ನು ಪಕ್ಕಕ್ಕೆ ಬಿಟ್ಟು ನಿಲ್ಲಬೇಕು. ಮೇಲಿನ ಮಹಡಿಯಲ್ಲಿ, ಚಾಪೆಲ್ ಪಕ್ಕ, ಹರ್ಕ್ಯುಲಿಸ್ ಸಲೂನ್ ಅಂತ ಒಂದು ದೊಡ್ಡ ಕೋಣೆ. ಎಲ್ಲರೂ ತಲೆ ಎತ್ತಿ ಚಾವಣಿಯ ಚಿತ್ರ ನೋಡಿ, ಫೋಟೋ ಹೊಡೆದು ಹೋಗುತ್ತಾರೆ. 1788ರ ಆಗಸ್ಟ್ 10ರಂದು ಇದೇ ಕೋಣೆಯಲ್ಲಿ 16ನೇ ಲೂಯಿ ನಮ್ಮ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ಬರಮಾಡಿಕೊಂಡದ್ದು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. ಪಾಂಡಿಚೇರಿಯಲ್ಲಿ ಹಡಗು ಹತ್ತಿ, ಹೆಚ್ಚು ಕಡಿಮೆ ಒಂದು ವರ್ಷ ಸಮುದ್ರದಲ್ಲಿ ಕಳೆದು, ಆ ಜೂನ್‌ನಲ್ಲಿ ತುಲೋನ್ ಬಂದರಿಗೆ ಬಂದಿಳಿದಿದ್ದರು. ಬ್ರಿಟಿಷರ ವಿರುದ್ಧ ಸಹಾಯ ಬೇಕಿತ್ತು. ಸೈನ್ಯದ ಜೊತೆಗೆ ಕುಶಲಕರ್ಮಿಗಳನ್ನೂ ಗಿಡ, ಬೀಜಗಳನ್ನೂ ಕೇಳಿದ್ದರು. ಅವರನ್ನು ನೋಡಲು ಪ್ಯಾರಿಸ್‌ನಲ್ಲಿ ಜನ ಮುಗಿಬಿದ್ದರು, ಚಿತ್ರ ಬರೆಯಲು ಕಲಾವಿದರು ಬಂದರು. ಸೈನ್ಯ ಮಾತ್ರ ಸಿಗಲಿಲ್ಲ. ಲೂಯಿಯ ಖಜಾನೆಯೇ ಖಾಲಿಯಾಗಿತ್ತು. ಹನ್ನೊಂದು ತಿಂಗಳಲ್ಲಿ ಬಾಸ್ಟಿಲ್ ಕೋಟೆ ಬಿತ್ತು, ಫ್ರಾನ್ಸಿನಲ್ಲಿ ಕ್ರಾಂತಿ ಶುರುವಾಯಿತು.

ಮಗನಿಗೆ ಇದನ್ನು ಹೇಳಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅವನು ಮೂರು ಸಲ ನೋಡಿದ್ದಾನೆ. "ಅವರು ಈ ನೆಲದ ಮೇಲೇ ನಿಂತಿದ್ರಾ?" ಅಂದ. ಹೌದು ಅಂದೆ. ಅವನು ಗೋಡೆ ಪಕ್ಕಕ್ಕೆ ಸರಿದು ಸುಮ್ಮನೆ ನಿಂತ. ಇಡೀ ಅರಮನೆಯಲ್ಲಿ ಅವನು ಫೋನು ಕೇಳದೆ ಇದ್ದ ಐದು ನಿಮಿಷ ಅದೊಂದೇ.

ಕನ್ನಡಿಗಳ ಸಭಾಂಗಣದ ಬಗ್ಗೆ ಎಲ್ಲರೂ ಬರೆಯುತ್ತಾರೆ. 73 ಮೀಟರ್ ಉದ್ದ, 17 ಕಿಟಕಿ, ಎದುರಿಗೆ 17 ಕಮಾನು, ಅವುಗಳಲ್ಲಿ 357 ಕನ್ನಡಿ. ಈಗ ಕನ್ನಡಿ ಅಂದರೆ ನಮಗೇನೂ ಅಲ್ಲ. ಆಗ ಇಷ್ಟು ಕನ್ನಡಿ ಒಂದೇ ಕಡೆ ಇಡುವುದು ಅಂದರೆ ಗೋಡೆಗೆ ದುಡ್ಡು ಅಂಟಿಸಿದ ಹಾಗೆ. 1919ರ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇಲ್ಲೇ, ಜೂನ್ 28ರಂದು. ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಬಿಕಾನೇರ್ ಮಹಾರಾಜ ಗಂಗಾ ಸಿಂಗ್ ಒಬ್ಬರು. ಅಮ್ಮನಿಗೆ ಇದ್ಯಾವುದೂ ಬೇಕಿರಲಿಲ್ಲ. ಒಂದು ಕನ್ನಡಿಯ ಹತ್ತಿರ ಹೋಗಿ ಸೆರಗು ಸರಿಮಾಡಿಕೊಂಡರು. ಆಮೇಲೆ ಬಗ್ಗಿ ನೋಡಿದರು. ಪಾದರಸ ಬಳಿದ ಹಳೇ ಕನ್ನಡಿ, ಅಲ್ಲಲ್ಲಿ ಕಪ್ಪು ಚುಕ್ಕಿ, ಮುಖ ಸ್ವಲ್ಪ ಹೊಗೆ ಹಿಡಿದಂತೆ ಕಾಣುತ್ತದೆ. "ನಮ್ಮ ಅಜ್ಜಿ ಮನೆ ಬೀರುವಿನ ಕನ್ನಡಿ ಹಿಂಗೇ ಇತ್ತು ಕಣೇ" ಅಂದರು. ನಾನು ಚಾವಣಿ ನೋಡುತ್ತಾ ನಿಂತಿದ್ದವಳು, ಆಮೇಲೆ ನಾನೂ ಕನ್ನಡಿ ನೋಡಿದೆ. ನೀವೂ ಹತ್ತಿರ ಹೋಗಿ ನೋಡಿ. ದೂರದಿಂದ ತೆಗೆದ ಫೋಟೋದಲ್ಲಿ ಅದು ಬರುವುದಿಲ್ಲ.

ರಾಣಿಯ ಮಲಗುವ ಕೋಣೆಯಲ್ಲಿ ಮಂಚದ ಎಡಗಡೆ ಗೋಡೆಯಲ್ಲೇ ಸೇರಿಹೋಗಿರುವ ಒಂದು ಸಣ್ಣ ಬಾಗಿಲಿದೆ. 1789ರ ಅಕ್ಟೋಬರ್ 6ರ ಬೆಳಗ್ಗೆ ಜನ ನುಗ್ಗಿದಾಗ 16ನೇ ಲೂಯಿಯ ರಾಣಿ ಮೇರಿ ಆಂಟೊನೆಟ್ ತಪ್ಪಿಸಿಕೊಂಡು ಓಡಿದ್ದು ಅದರಲ್ಲೇ. ಹುಡುಕಿ ನೋಡಿ. ಉಳಿದ ಕೋಣೆಗಳು ಒಂದರ ಹಿಂದೆ ಒಂದು, ಕೆಂಪು, ಹಸಿರು, ಚಿನ್ನ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಎಲ್ಲ ಕಲಸಿಹೋಗಿರುತ್ತದೆ. ಎರಡು ಗಂಟೆ ಸಾಕು ಅಂದಿದ್ದು ಅದಕ್ಕೇ. ಹೊರಡುವ ಮುಂಚೆ ಒಳಗಿನ ಶೌಚಾಲಯಕ್ಕೆ ಹೋಗಿ ಬನ್ನಿ, ಸಾಲು ಉದ್ದ ಇದ್ದರೂ. ತೋಟದಲ್ಲಿ ಅವು ಬಹಳ ದೂರ ದೂರ.

ಈಗ ತೋಟ. ನನಗೆ ನಿಜವಾಗಿ ಹೇಳಬೇಕಿರುವುದು ಇದರ ಬಗ್ಗೆಯೇ.

ಒಂದು ತಮಾಷೆ ನೋಡಿ. ವರ್ಸೇಲ್ಸ್ ತೋಟವನ್ನು ಹೇಗೆ ನೋಡಬೇಕು ಅಂತ ಸಲಹೆ ಬರೆದವರಲ್ಲಿ 14ನೇ ಲೂಯಿಯೂ ಒಬ್ಬ. ರಾಜನೇ ಕೂತು, ಅತಿಥಿಗಳು ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಿ ನೋಡಬೇಕು ಅಂತ ಬರೆದಿಟ್ಟಿದ್ದಾನೆ. ಮೊದಲನೆಯ ಸಲಹೆಯೇ ಅರಮನೆಯಿಂದ ಹೊರಬಂದು ಮೆಟ್ಟಿಲ ಮೇಲೆ ನಿಲ್ಲಿ ಅನ್ನುವುದು. ತಮ್ಮ ಇದನ್ನು ಓದಿಕೊಂಡು ಬಂದಿದ್ದ. ನಾವು ರಾಜನ ಮಾತು ಕೇಳಿದೆವು. ನೀವೂ ಕೇಳಿ. ಹೊರಗೆ ಬಂದ ಕೂಡಲೇ ಯಾವುದೋ ಹೂವಿನ ಪಾತಿ ಕಡೆ ಓಡಬೇಡಿ. ಮೇಲೆ ನಿಲ್ಲಿ.

ಮೇಲಿಂದ ನೋಡಿದರೆ ಎರಡು ಕೊಳ, ಅದರಾಚೆ ಮೆಟ್ಟಿಲು, ಕೆಳಗೆ ಲಟೋನಾ ಕಾರಂಜಿ, ಅದರ ಆಚೆ ಹಸಿರು ಹುಲ್ಲಿನ ಅಗಲ ದಾರಿ, ಕೊನೆಗೆ ಅಪೊಲೊ ಕಾರಂಜಿ, ಅದರಿಂದಾಚೆ ಉದ್ದಕ್ಕೆ ಕಾಲುವೆ. ಎಲ್ಲ ಒಂದೇ ಗೆರೆಯಲ್ಲಿ. ಕಾಲುವೆ ಇಲ್ಲೇ ಇದೆ, ಹತ್ತು ನಿಮಿಷ ನಡೆದರೆ ಸಿಗುತ್ತೆ ಅನ್ನಿಸುತ್ತದೆ. ಅದು ಮೋಸ! ತೋಟ ಮಾಡಿದ ಆಂದ್ರೆ ಲೆ ನೊತ್ರ್ ಇಳಿಜಾರು ಮತ್ತು ಅಳತೆಗಳನ್ನು ಹಾಗೆ ಹೊಂದಿಸಿದ್ದಾನೆ, ದೂರ ಹತ್ತಿರ ಕಾಣುತ್ತದೆ. ಹುಲ್ಲಿನ ದಾರಿಯೊಂದೇ 335 ಮೀಟರ್. ಕಾಲುವೆಯ ಉದ್ದ 1.67 ಕಿಲೋಮೀಟರ್. ಅಮ್ಮನನ್ನು ಕರೆದುಕೊಂಡು ಹೋದ ನಮಗೆ ಕಾಲುವೆ ದಡ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು.

ಲಟೋನಾ ಕಾರಂಜಿಯ ಬಳಿ ಜಾಸ್ತಿ ಹೊತ್ತು ಕಳೆಯಿರಿ. ಲಟೋನಾ ಅನ್ನುವ ದೇವತೆ ಇಬ್ಬರು ಮಕ್ಕಳನ್ನು ಎತ್ತಿಕೊಂಡು ಬಾಯಾರಿ ಬಂದಳು, ಹಳ್ಳಿಯವರು ನೀರು ಕೊಡಲಿಲ್ಲ, ಕೊಳವನ್ನು ಕಲಕಿಬಿಟ್ಟರು. ಆಗ ಅವರೆಲ್ಲ ಕಪ್ಪೆಗಳಾದರು. ಗ್ರೀಕರ ಕಥೆ. ಕಾರಂಜಿಯಲ್ಲಿ ಅದೇ ಕ್ಷಣ ಹಿಡಿದಿದ್ದಾರೆ: ಒಬ್ಬನ ದೇಹ ಮನುಷ್ಯನದು, ಬಾಯಿ ಆಗಲೇ ಕಪ್ಪೆಯದು. ಸುತ್ತ ಚಿನ್ನದ ಬಣ್ಣದ ಕಪ್ಪೆಗಳು. ನಾವು ಹೋದಾಗ ನೀರು ನಿಂತಿತ್ತು. ಸಂಗೀತ ಶುರುವಾಯಿತು. ಕಪ್ಪೆಗಳ ಬಾಯಿಂದ ಮೊದಲು ಬಂದದ್ದು ನೀರಲ್ಲ, ಸದ್ದು. ಗೊರ ಗೊರ ಅಂತ, ಬುಸ್ ಅಂತ ಗಾಳಿ. ಬೇಸಿಗೆಯಲ್ಲಿ ನಮ್ಮ ಮನೆ ನಲ್ಲಿಗೆ ನೀರು ಬಿಟ್ಟಾಗ ಬರುತ್ತದಲ್ಲ, ಥೇಟ್ ಅದೇ ಸದ್ದು. ಅಮ್ಮ ಥಟ್ಟನೆ "ನೀರು ಬಂತು!" ಅಂದರು. ಕೈ ಬಿಂದಿಗೆ ಹುಡುಕುವುದೊಂದು ಬಾಕಿ. ಆಮೇಲೆ ಒಂದೊಂದೇ ಕಪ್ಪೆ ಉಗುಳಲು ಶುರುಮಾಡಿತು, ಬಿಳಿ ಗೆರೆಗಳು ಏರಿ ಏರಿ ನಡುವಿನ ಲಟೋನಾಳನ್ನು ಮುಚ್ಚಿದವು.

ಅಲ್ಲಿನ ಕಥೆಯೂ ನಲ್ಲಿ ನೀರಿನದ್ದೇ. ರಾಜ ಬೇಕಾದಷ್ಟು ಕಾರಂಜಿ ಮಾಡಿಸಿಕೊಂಡ, ನೀರು ಮಾತ್ರ ಇರಲಿಲ್ಲ. ಸುತ್ತಮುತ್ತ ಕೆರೆ ತೋಡಿಸಿದರು. ಸೀನ್ ನದಿಯಿಂದ ನೀರೆತ್ತಲು ಮಾರ್ಲಿಯಲ್ಲಿ 14 ದೊಡ್ಡ ಚಕ್ರಗಳ ಯಂತ್ರ ನಿಲ್ಲಿಸಿದರು, 1684ರಲ್ಲಿ. ಆದರೂ ಎಲ್ಲ ಕಾರಂಜಿಗೂ ಒಟ್ಟಿಗೆ ಸಾಲುತ್ತಿರಲಿಲ್ಲ. ಹಾಗಾಗಿ ರಾಜ ನಡೆದು ಬರುತ್ತಿದ್ದ ಹಾಗೆ ಕೆಲಸದವರು ಸಿಳ್ಳೆ ಹೊಡೆದು ಸುದ್ದಿ ಮುಟ್ಟಿಸುತ್ತಿದ್ದರು. ಮುಂದಿನ ಕಾರಂಜಿ ಬಿಡುವುದು, ರಾಜ ದಾಟಿದ ಮೇಲೆ ಹಿಂದಿನದನ್ನು ನಿಲ್ಲಿಸುವುದು. ಈಗಲೂ ನೀರು ಚಿಮ್ಮುವುದು ಎತ್ತರದ ತೊಟ್ಟಿಗಳಿಂದ ಇಳಿದು ಬರುವ ಒತ್ತಡಕ್ಕೆ, ಹಳೇ ಕೊಳವೆಗಳ ಜಾಲದಲ್ಲೇ. ಕೆಆರ್‌ಎಸ್ ಕಟ್ಟೆಯ ಕೆಳಗಿರುವ ಬೃಂದಾವನ ನೋಡಿ ಬೆಳೆದ ನಮಗೆ ಕಾರಂಜಿ ಅಂದರೆ ನೀರು ತುಂಬಿ ತುಳುಕುವ ಜಾಗ. ಇಲ್ಲಿ ಪ್ರತಿ ಹನಿಗೂ ಲೆಕ್ಕ.

ಆ ಲೆಕ್ಕ ನಿಮಗೂ ಗೊತ್ತಿರಬೇಕು. ಕಾರಂಜಿಗಳು ದಿನವಿಡೀ ಹರಿಯಲ್ಲ. ಬೆಳಗ್ಗೆ ಸ್ವಲ್ಪ ಹೊತ್ತು, ಮಧ್ಯಾಹ್ನದ ಮೇಲೆ ಮತ್ತೊಮ್ಮೆ, ಸಂಜೆ ನೆಪ್ಚೂನ್ ಕಾರಂಜಿಯಲ್ಲಿ ಕೊನೆಯದು. ಬಾಗಿಲಲ್ಲೇ ನಕ್ಷೆ ಕೊಡುತ್ತಾರೆ, ಆ ದಿನದ ವೇಳೆ ಅದರಲ್ಲಿರುತ್ತದೆ. ನಾವು ಅರಮನೆಯೊಳಗೆ ಸಿಕ್ಕಿಕೊಂಡಿದ್ದಾಗ ಬೆಳಗಿನ ಸುತ್ತು ಮುಗಿದೇಹೋಗಿತ್ತು. ಪೊದೆ ಗೋಡೆಗಳ ಹಿಂದೆ ಒಂದೊಂದು ಬಯಲು ಕೋಣೆಯಂತೆ ಮರೆಯಾಗಿರುವ ತೋಪುಗಳಿವೆ. ಬಾಲ್‌ರೂಮ್, ಕಲೊನೇಡ್, ಎನ್ಸೆಲೇಡಸ್. ಇವುಗಳ ಬಾಗಿಲು ತೆಗೆಯುವುದೇ ಕಾರಂಜಿ ಮತ್ತು ಸಂಗೀತದ ದಿನಗಳಲ್ಲಿ. ಬಾಲ್‌ರೂಮ್ ತೋಪಿನಲ್ಲಿ ನೀರು ಕಪ್ಪೆಚಿಪ್ಪು ಅಂಟಿಸಿದ ಮೆಟ್ಟಿಲುಗಳ ಮೇಲೆ ಇಳಿಯುತ್ತದೆ. ಎನ್ಸೆಲೇಡಸ್‌ನಲ್ಲಿ ಬಂಡೆಗಳ ಕೆಳಗೆ ಅರ್ಧ ಹೂತುಹೋದ ದೈತ್ಯನ ಬಾಯಿಂದ ನೀರು ಆಕಾಶಕ್ಕೆ. ಮಗನ ಮೆಚ್ಚಿನದು ಇದೇ. ಮಿರರ್ ಕೊಳದಲ್ಲಿ ಸಂಗೀತಕ್ಕೆ ತಕ್ಕ ಹಾಗೆ ನೀರು ಕುಣಿಯುತ್ತದೆ. "ಬೃಂದಾವನ ಥರಾನೇ, ಆದ್ರೆ ಲೈಟ್ ಇಲ್ಲ" ಅಂದ. ತೀರ್ಪು ಕೊಟ್ಟಾಯಿತು.

ಕಿತ್ತಳೆ ತೋಟವನ್ನು ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅರಮನೆಯ ದಕ್ಷಿಣ ಬದಿಗೆ ಬಂದು ಕಟ್ಟೆ ಮೇಲಿಂದ ಕೆಳಗೆ ನೋಡಿದರೆ ಸಾಕು, ಇಳಿಯಬೇಕಿಲ್ಲ. ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಸಾವಿರಕ್ಕೂ ಹೆಚ್ಚು ಮರಗಳನ್ನು ಮರದ ತೊಟ್ಟಿಗಳ ಸಮೇತ ಹೊರಗೆ ತಂದು ಸಾಲಾಗಿ ಇಡುತ್ತಾರೆ. ಕಿತ್ತಳೆ, ನಿಂಬೆ, ದಾಳಿಂಬೆ. ಚಳಿಗಾಲಕ್ಕೆ ಮತ್ತೆ ಒಳಗೆ. ಮನೆ ಮುಂದೆ ಗುಂಡಿ ತೋಡಿ ನಿಂಬೆ ಗಿಡ ನೆಟ್ಟು ಮರೆತುಬಿಡುವ ನಮಗೆ, ನಿಂಬೆ ಗಿಡಕ್ಕೆ ಇಷ್ಟು ದೊಡ್ಡ ಮನೆ ಕಟ್ಟಿಸಿದ್ದಾರಲ್ಲ ಅಂತ ನಗು ಬರುತ್ತದೆ. ಅಲ್ಲಿನ ಚಳಿಗೆ ಅದು ಬೇಕು.

ಊಟದ ವಿಷಯ. ತೋಟದೊಳಗೆ ಬುತ್ತಿ ಬಿಚ್ಚಿ ಕೂರುವ ಹಾಗಿಲ್ಲ. ನಮಗೆ ಗೊತ್ತಿರಲಿಲ್ಲ, ಒಂದು ಪೊದೆ ಪಕ್ಕ ಚಪಾತಿ ಡಬ್ಬಿ ತೆರೆದೆವು. ಕಾವಲಿನವನು ಬಂದು ನಗುತ್ತಲೇ ಕಾಲುವೆ ಕಡೆ ಕೈ ತೋರಿಸಿದ. ಕಾಲುವೆಯ ಸುತ್ತಲಿನ ಪಾರ್ಕಿನಲ್ಲಿ ಎಷ್ಟು ಬೇಕಾದರೂ ತಿನ್ನಬಹುದು, ಆ ಭಾಗಕ್ಕೆ ಟಿಕೆಟ್ಟೂ ಇಲ್ಲ. ದಡದ ಹುಲ್ಲಿನ ಮೇಲೆ ಚಪಾತಿ, ಚಟ್ನಿಪುಡಿ, ಮೊಸರನ್ನ. ಮುಂದೆ ಜನ ದೋಣಿ ಹುಟ್ಟು ಹಾಕುತ್ತಿದ್ದರು. ದೋಣಿ, ಸೈಕಲ್ ಬಾಡಿಗೆಗೆ ಸಿಗುತ್ತವೆ. 2024ರ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ನಡೆದದ್ದು ಈ ಕಾಲುವೆಯ ಪಕ್ಕದಲ್ಲೇ. ಬುತ್ತಿ ತರಲಾಗದಿದ್ದರೆ ಊರಿನ ನೋತ್ರ್ ದಾಮ್ ಮಾರ್ಕೆಟ್ಟಿನಲ್ಲಿ ಹಣ್ಣು, ಬ್ರೆಡ್ಡು, ಚೀಸು ತೆಗೆದುಕೊಂಡು ಬನ್ನಿ. ಸಸ್ಯಾಹಾರಿಗಳು 'ಸಾನ್ ವಿಯಾಂದ್, ಸಾನ್ ಪುವಾಸೋ' ಅನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ. ಮಾಂಸ ಬೇಡ, ಮೀನು ಬೇಡ ಅಂತ. ಮೀನನ್ನು ಬೇರೆಯಾಗಿ ಹೇಳಲೇಬೇಕು. ರಾತ್ರಿಗೆ ಪ್ಯಾರಿಸ್‌ನಲ್ಲಿ ಲಾ ಶಾಪೆಲ್ ಕಡೆ ಹೋದರೆ ಇಡ್ಲಿ ದೋಸೆ ಸಿಗುತ್ತದೆ, ಶ್ರೀಲಂಕಾ ತಮಿಳರ ಅಂಗಡಿಗಳ ಬೀದಿ ಅದು.

ಅಲ್ಲಿಂದ ಮುಂದೆ ಅಮ್ಮ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಚಿಕ್ಕ ರೈಲಿನಂಥ ಒಂದು ಗಾಡಿ ಅರಮನೆ, ಟ್ರಿಯನಾನ್, ಕಾಲುವೆ ಅಂತ ಸುತ್ತು ಹೊಡೆಯುತ್ತದೆ. ಅದಕ್ಕೆ ಬೇರೆ ಟಿಕೆಟ್. ಹಿರಿಯರಿದ್ದರೆ ಆ ದುಡ್ಡಿಗೆ ಹಿಂದೆಮುಂದೆ ನೋಡಬೇಡಿ. ಅರಮನೆಯಿಂದ ಟ್ರಿಯನಾನ್‌ಗೆ ನಡೆದರೆ ಅರ್ಧ ಗಂಟೆ. ಟ್ರಿಯನಾನ್ ಅರಮನೆಗಳು ತೆಗೆಯುವುದೇ ಮಧ್ಯಾಹ್ನ 12ಕ್ಕೆ, ಬೆಳಗ್ಗೆ ಅಲ್ಲಿಗೆ ಹೋಗಿ ಬಾಗಿಲು ನೋಡಿಕೊಂಡು ಬರಬೇಡಿ.

ದೊಡ್ಡ ಟ್ರಿಯನಾನ್ ಗುಲಾಬಿ ಅಮೃತಶಿಲೆಯದು, ಚೆಂದ ಇದೆ. ನಾವು ಹೊರಗಿಂದಲೇ ನೋಡಿದೆವು. ಸಣ್ಣ ಟ್ರಿಯನಾನ್ ಹಿಂದೆ ಮೇರಿ ಆಂಟೊನೆಟ್ ಒಂದು ಹಳ್ಳಿಯನ್ನೇ ಕಟ್ಟಿಸಿಕೊಂಡಿದ್ದಾಳೆ. ಕೊಳದ ಸುತ್ತ ಹುಲ್ಲು ಮಾಡಿನ ಮನೆಗಳು, ತರಕಾರಿ ಮಡಿಗಳು, ಕುರಿ, ಮೇಕೆ. ಮನೆಗಳು ಹಳೆಯವು ಅನ್ನಿಸಲಿ ಅಂತ ಗೋಡೆಗೆ ಬಿರುಕಿನ ಚಿತ್ರವನ್ನೂ ಬಣ್ಣದಲ್ಲಿ ಬರೆಸಿದ್ದಳಂತೆ. ಅಮ್ಮ ಇದನ್ನು ಎರಡು ಸಲ ಹೇಳಿಸಿಕೊಂಡರು. "ಬಿರುಕು ಬರೆಸಿದ್ಳಾ? ದುಡ್ಡು ಕೊಟ್ಟು?" ನಂಜನಗೂಡು ಪಕ್ಕದ ಹಳ್ಳಿಯಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಗೋಡೆ ಬಿರುಕಿಗೆ ಮಣ್ಣು ಮೆತ್ತಿ ಬೆಳೆದವರು ಅಮ್ಮ. ಆದರೆ ಬೆಂಚಿನ ಮೇಲೆ ಕೂತ ಮೇಲೆ ಅಲ್ಲಿಂದ ಏಳಲೇ ಇಲ್ಲ. ಕೋಸು, ಹುರುಳಿಕಾಯಿ ಮಡಿಗಳನ್ನು ನೋಡುತ್ತಾ ಒಂದು ಗಂಟೆ ಕೂತರು. ಇಡೀ ವರ್ಸೇಲ್ಸ್‌ನಲ್ಲಿ ಅವರಿಗೆ ಇಷ್ಟವಾದ ಜಾಗ ಅದು.

ಈಗ ಆ ಸಮಯದ ವಿಷಯ. ಮತ್ತೊಮ್ಮೆ ಹೋದರೆ ನಾನು ಇಡೀ ದಿನವನ್ನು ತಿರುಗಿಸಿ ಹಾಕುತ್ತೇನೆ. ಅರಮನೆಗೆ ಮಧ್ಯಾಹ್ನ ಮೂರೂವರೆ ನಾಲ್ಕರ ಸಮಯ ಆರಿಸುತ್ತೇನೆ. ಬೆಳಗ್ಗೆ ಒಂಬತ್ತಕ್ಕೆಲ್ಲ ತೋಟದಲ್ಲಿರುತ್ತೇನೆ, ಕಾಲಲ್ಲಿ ಶಕ್ತಿ ಇರುವಾಗ, ಬಿಸಿಲು ಏರುವ ಮುಂಚೆ. ಬೆಳಗಿನ ಕಾರಂಜಿ, ಕಾಲುವೆ ದಡದಲ್ಲಿ ಊಟ, ಹನ್ನೆರಡಕ್ಕೆ ಟ್ರಿಯನಾನ್ ಮತ್ತು ಹಳ್ಳಿ, ಗಾಡಿಯಲ್ಲಿ ವಾಪಸ್. ಅಷ್ಟು ಹೊತ್ತಿಗೆ ಬಸ್ಸುಗಳಲ್ಲಿ ಬಂದ ಗುಂಪುಗಳು ಅರಮನೆಯಿಂದ ಹೊರಟಿರುತ್ತವೆ. ಬೇಸಿಗೆಯಲ್ಲಿ ಅರಮನೆ ಆರೂವರೆವರೆಗೆ ಇರುತ್ತದೆ, ಎರಡು ಗಂಟೆ ಧಾರಾಳ. ಕನ್ನಡಿಗಳ ಸಭಾಂಗಣದ ಕಿಟಕಿಗಳು ಪಶ್ಚಿಮಕ್ಕೆ, ತೋಟದ ಕಡೆಗೆ. ಸಂಜೆ ಬಿಸಿಲು ನೇರ ಒಳಗೆ ಬಂದು ಕನ್ನಡಿಗೆ ಬೀಳುತ್ತದೆ. ಬೆಳಗ್ಗೆ ಹೋದ ನಮಗೆ ಅದು ಸಿಗಲಿಲ್ಲ. ಈ ಕ್ರಮದಲ್ಲಿ ತಪ್ಪಿಹೋಗುವುದು ನೆಪ್ಚೂನ್ ಕೊನೆಯ ಕಾರಂಜಿಯೊಂದೇ. ನನಗೆ ಅದು ನಷ್ಟ ಅನ್ನಿಸಲ್ಲ. ಚಿಕ್ಕ ಮಕ್ಕಳಿದ್ದರೆ ನೀವೇ ಯೋಚಿಸಿ.

ವಾಪಸು ಬರುವಾಗ ರೈಲಿನ ಗೊಂದಲ ಇಲ್ಲ. ರಿವ್ ಗೋಶ್ ಕೊನೆಯ ನಿಲ್ದಾಣ, ಅಲ್ಲಿ ನಿಂತಿರುವ ಯಾವ ರೈಲು ಹತ್ತಿದರೂ ಪ್ಯಾರಿಸ್‌ಗೇ ಹೋಗುತ್ತದೆ. ನಿಲ್ದಾಣದ ಮುಂದೆ ಕಾಫಿ ಅಂಗಡಿಗಳ ಬಳಿ ಚೀಲ ಜೋಪಾನ. ಡಬಲ್ ಡೆಕ್ಕರ್ ರೈಲು, ಮಗ ಮೇಲಕ್ಕೆ ಓಡಿದ, ಇವರೂ ತಮ್ಮನೂ ಅವನ ಹಿಂದೆ. ನಾನು ಅಮ್ಮನ ಜೊತೆ ಕೆಳಗೆ ಕೂತೆ. ಅಮ್ಮ ಶೂ ಬಿಚ್ಚಿ, ಕಾಲನ್ನು ಎದುರು ಸೀಟಿನ ಅಂಚಿಗೆ ಒರಗಿಸಿ, ಕಣ್ಣು ಮುಚ್ಚಿದರು. ನಿದ್ದೆ ಬಂತು ಅಂದುಕೊಂಡೆ. ಎರಡು ನಿಲ್ದಾಣ ದಾಟಿದ ಮೇಲೆ ಕಣ್ಣು ಬಿಡದೆಯೇ ಕೇಳಿದರು: "ಆ ಟಿಪ್ಪು ಕಳಿಸಿದೋರು ಊಟಕ್ಕೆ ಏನ್ ಮಾಡ್ಕೊಂಡ್ರಂತೆ?"